ಬಾಲ್ ಅಂದ್ರೂ ಬೈಗುಳ, ಸ್ಟ್ರೈಕ್ ಅಂದ್ರೂ ಬೈಗುಳ

ನ್ಯೂಜೆರ್ಸಿಗೆ ಬಂದ ಹೊಸತರಲ್ಲಿ ಬೇಸ್‌ಬಾಲ್ ಅಂದ್ರೆ ನನಗೆ ಅಷ್ಟಕ್ಕಷ್ಟೆ. ದಾವಣಗೆರೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನಿಗೆ ಈ ಆಟ ದೂರದ ದಾಯಾದಿಯ ಹಾಗೆ ಕಾಣ್ತಿತ್ತು. ಮುಖ ಪರಿಚಯ ಇದೆ, ಮಾತುಕತೆ ಇಲ್ಲ. ಮಗ ಎಂಟನೇ ವಯಸ್ಸಿಗೆ ನಮ್ಮೂರಿನ ಲಿಟಲ್ ಲೀಗ್ ಸೇರಿದ ಮೇಲೆ ಶನಿವಾರಗಳೆಲ್ಲ ಅದಕ್ಕೇ ಹೋದವು. ಮಾರನೇ ವರ್ಷ ಲೀಗ್‌ನಿಂದ ಒಂದು ಮೇಲ್ ಬಂತು. ಅಂಪೈರ್‌ಗಳು ಸಾಲ್ತಿಲ್ಲ, ಅಪ್ಪ ಅಮ್ಮಂದಿರು ಯಾರಾದ್ರೂ ಬನ್ನಿ ಅಂತ. ಹೆಸರು ಕೊಟ್ಟೆ. ಮಗ ಆಮೇಲೆ ಆಟ ಬಿಟ್ಟು ಈಜು ಕಲಿಯೋಕೆ ಹೋದ. ನಾನು ಉಳ್ಕೊಂಡೆ.

1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಶುರು ಮಾಡಿದ ಲಿಟಲ್ ಲೀಗ್ ಇವತ್ತಿಗೂ ನಡೀತಿರೋದು ಹೆಚ್ಚಾಗಿ ಸ್ವಯಂಸೇವಕರಿಂದ. ಆಗಸ್ಟಿನಲ್ಲಿ ಟಿವಿಯಲ್ಲಿ ಬರುವ ಅದರ ವರ್ಲ್ಡ್ ಸೀರೀಸ್‌ನಲ್ಲಿ ನಿಲ್ಲೋ ಅಂಪೈರ್‌ಗಳಿಗೂ ಸಂಬಳ ಇಲ್ಲ. ನಮ್ಮಲ್ಲಿ ಹೈಸ್ಕೂಲ್ ಮಕ್ಕಳಿಗೆ ಮಾತ್ರ ಪಾಕೆಟ್ ಮನಿ ಅಂತ ಒಂದಿಷ್ಟು ಕೊಡ್ತಾರೆ, ದೊಡ್ಡವರಿಗೆ ಒಂದು ಹಾಟ್ ಡಾಗ್. ನಾನು ಸಸ್ಯಾಹಾರಿ, ಹಾಗಾಗಿ ಅದೂ ಇಲ್ಲ.

ಕ್ರಿಕೆಟ್ ಅಂಪೈರ್‌ಗೆ ಒಂದು ಸುಖ ಇದೆ. ಯಾರೂ ಅಪೀಲ್ ಮಾಡದಿದ್ರೆ ಸುಮ್ಮನೆ ನಿಂತಿರಬಹುದು. ಇಲ್ಲಿ ಆ ಭಾಗ್ಯ ಇಲ್ಲ. ಬ್ಯಾಟು ಬೀಸದೆ ಬಿಟ್ಟ ಪ್ರತಿ ಎಸೆತಕ್ಕೂ ತೀರ್ಪು ಕೊಡಬೇಕು, ಬಾಲ್ ಅಥವಾ ಸ್ಟ್ರೈಕ್. ನಾಲ್ಕು ಬಾಲ್ ಆದ್ರೆ ಬ್ಯಾಟರ್‌ಗೆ ಪುಕ್ಕಟೆ ಒಂದು ಬೇಸ್, ಮೂರು ಸ್ಟ್ರೈಕ್ ಆದ್ರೆ ಔಟ್. ಆರು ಇನ್ನಿಂಗ್ಸ್ ಮುಗಿಯೋ ಹೊತ್ತಿಗೆ ನಮ್ಮ ಬಾಯಿಂದ ನೂರಕ್ಕೂ ಹೆಚ್ಚು ತೀರ್ಪು ಬಂದಿರುತ್ತೆ. ಪ್ರತಿಯೊಂದಕ್ಕೂ ಬೇಲಿಯ ಆಚೆ ಯಾರೋ ಒಬ್ಬರಿಗೆ ಹೊಟ್ಟೆ ಉರಿದಿರುತ್ತೆ.

ಆ ಸ್ಟ್ರೈಕ್ ಝೋನ್ ಅನ್ನೋದು ಎಲ್ಲೂ ಬರೆದಿಟ್ಟಿರಲ್ಲ. ಅಗಲ ಏನೋ ಗೊತ್ತು, ನೆಲದ ಮೇಲಿರೋ ಹೋಮ್ ಪ್ಲೇಟ್‌ನಷ್ಟು, 17 ಇಂಚು. ಎತ್ತರ ಮಾತ್ರ ಮಗುವಿನಿಂದ ಮಗುವಿಗೆ ಬದಲಾಗುತ್ತೆ, ಲಿಟಲ್ ಲೀಗ್ ನಿಯಮದ ಪ್ರಕಾರ ಮಂಡಿಯ ಮೇಲ್ತುದಿಯಿಂದ ಕಂಕುಳವರೆಗೆ. ನನ್ನ ಸೊಂಟಕ್ಕೆ ಬರೋ ಒಂಬತ್ತರ ಪೋರ ಬಂದು ನಿಂತ್ರೆ ಆ ಕಿಟಕಿ ಅಂಗೈಯಗಲ. ಎಸೆಯೋನೂ ಒಂಬತ್ತರ ಪೋರನೇ, 46 ಅಡಿ ದೂರದಿಂದ. ಪುಸ್ತಕದ ಪ್ರಕಾರ ಹೋದ್ರೆ ಎಲ್ಲ ಬಾಲ್, ಬಾಲ್, ಬಾಲ್. ಮಕ್ಕಳು ಬ್ಯಾಟು ಎತ್ತದೇ ನಡೆದು ನಡೆದು ಬೇಸ್ ಸುತ್ತುತಾರೆ, ಫೀಲ್ಡರ್‌ಗಳು ಕೂತು ಹುಲ್ಲು ಕೀಳ್ತಾರೆ. ಹಾಗಾಗಿ ಚಿಕ್ಕವರ ಆಟದಲ್ಲಿ ಪ್ಲೇಟಿನ ಎರಡೂ ಕಡೆ ಒಂದೊಂದು ಚೆಂಡಿನಷ್ಟು ಜಾಗ ನಾನು ಸೇರಿಸ್ಕೋತೀನಿ. ಎರಡೂ ತಂಡಕ್ಕೆ, ಮೊದಲ ಎಸೆತದಿಂದ ಕೊನೆಯದರವರೆಗೆ ಅದೇ ಅಳತೆ. ಮಧ್ಯದಲ್ಲಿ ಕನಿಕರ ಬಂದು ಇನ್ನಷ್ಟು ಹಿಗ್ಗಿಸಿದ್ರೆ ಬ್ಯಾಟು ಹಿಡಿದ ಮಗುವಿಗೆ ಮೋಸ.

ನನಗೆ ತರಬೇತಿ ಕೊಟ್ಟಿದ್ದು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಕ್ಯಾಚರ್‌ನ ಭುಜಕ್ಕೂ ಬ್ಯಾಟರ್‌ಗೂ ನಡುವಿನ ಸಂದಿಯಲ್ಲಿ ತಲೆ ಇಡು, ಚೆಂಡು ಗ್ಲೌಸಿಗೆ ಬೀಳೋವರೆಗೆ ತಲೆ ಅಲುಗಿಸಬೇಡ, ಬಿದ್ದ ಮೇಲೆ ಒಂದು ಉಸಿರು ತಗೊಂಡು ಆಮೇಲೆ ಬಾಯಿ ಬಿಡು ಅಂದಿದ್ದರು. ಮೊದಲ ಬೇಸಿನ ತೀರ್ಪಿಗೆ ಇನ್ನೊಂದು ಗುಟ್ಟು. ಕಣ್ಣು ಓಡಿ ಬರೋನ ಕಾಲು ಮತ್ತು ಬೇಸಿನ ಮೇಲೆ, ಕಿವಿ ಗ್ಲೌಸಿನ ಮೇಲೆ. ಕಾಲು ಬೇಸ್ ಮುಟ್ಟಿದ್ದು ಕಾಣುತ್ತೆ, ಚೆಂಡು ಗ್ಲೌಸಿಗೆ ಬಿದ್ದಿದ್ದು ಕೇಳುತ್ತೆ. ಯಾವುದು ಮೊದಲು ಅನ್ನೋದೇ ತೀರ್ಪು. ದೊಡ್ಡ ಸ್ಟೇಡಿಯಮ್ಮಿನ ಗದ್ದಲದಲ್ಲಿ ಈ ಉಪಾಯ ಕಷ್ಟ. ನಮ್ಮ ಪಾರ್ಕಿನಲ್ಲಿ ನಡೆಯುತ್ತೆ.

ಅದೇ ತರಬೇತಿಯಲ್ಲಿ ಜಿಮ್ ಜಾಯ್ಸ್ ಅವರ ವಿಡಿಯೋ ತೋರಿಸಿದ್ದರು. 2010ರ ಜೂನ್ 2, ಡೆಟ್ರಾಯಿಟ್. ಅರ್ಮಾಂಡೋ ಗಲಾರಾಗಾ 26 ಜನರನ್ನು ಸಾಲಾಗಿ ಔಟ್ ಮಾಡಿದ್ದ, ಇನ್ನೊಬ್ಬ ಔಟಾದ್ರೆ ಪರ್ಫೆಕ್ಟ್ ಗೇಮ್. ಆ ಕೊನೆಯವನನ್ನು ಮೊದಲ ಬೇಸಿನಲ್ಲಿದ್ದ ಜಾಯ್ಸ್ ಸೇಫ್ ಅಂದುಬಿಟ್ಟರು. ಆಟ ಮುಗಿದ ಮೇಲೆ ವಿಡಿಯೋ ನೋಡಿ, ನಾನೇ ತಪ್ಪಿದೆ ಅಂತ ಕ್ಷಮೆ ಕೇಳಿದರು. ಮಾರನೇ ದಿನ ಪ್ಲೇಟ್ ಹಿಂದೆ ನಿಂತಿದ್ದ ಅವರ ಕೈಗೆ ತಂಡದ ಪಟ್ಟಿ ತಂದುಕೊಟ್ಟವನು ಗಲಾರಾಗಾನೇ. ಜಾಯ್ಸ್ ಕಣ್ಣೊರೆಸ್ಕೊಂಡು ಆಟ ಶುರು ಮಾಡಿದರು. ಹದಿನಾಲ್ಕರ ನನ್ನ ಮಗಳು ಕಳೆದ ವರ್ಷ ಅಂಪೈರಿಂಗ್ ಕಲಿಯೋಕೆ ಬಂದಾಗ ಇದೇ ವಿಡಿಯೋ ನೋಡಿ, 'ಅವರಿಗೆ ಆಮೇಲೆ ನೋಡೋಕೆ ವಿಡಿಯೋನಾದ್ರೂ ಸಿಕ್ತು' ಅಂದ್ಲು.

ಈ ಮೇ ತಿಂಗಳ ಒಂದು ಶನಿವಾರ ಅವಳು ಬೇಸ್ ಅಂಪೈರ್, ನಾನು ಪ್ಲೇಟ್ ಅಂಪೈರ್. ಹನ್ನೊಂದು ಹನ್ನೆರಡು ವರ್ಷದವರ ಆಟ. ಕೊನೆಯ ಇನ್ನಿಂಗ್ಸ್, ಸ್ಕೋರ್ ಸಮ, ಎರಡು ಔಟ್, ಮೂರನೇ ಬೇಸಿನಲ್ಲಿ ಒಬ್ಬ ಹುಡುಗ. ಚೆಂಡು ನೆಲದಲ್ಲಿ ಉರುಳಿ ಶಾರ್ಟ್‌ಸ್ಟಾಪ್ ಕೈಗೆ ಹೋಯ್ತು, ಅವನು ಎತ್ತಿ ಮೊದಲ ಬೇಸಿಗೆ ಎಸೆದ. ಸೇಫ್ ಆದ್ರೆ ರನ್ ಬಂದು ಆಟ ಮುಗೀತು. ಔಟ್ ಆದ್ರೆ ಇನ್ನೊಂದು ಇನ್ನಿಂಗ್ಸ್. ಮಗಳು ಒಂದು ಉಸಿರು ನಿಂತು, ಮುಷ್ಟಿ ಎತ್ತಿ ಔಟ್ ಅಂದ್ಲು.

ಬೇಲಿಯ ಆಚೆಯಿಂದ ಕೂಗು ಶುರುವಾಯ್ತು. ಅದರ ನಡುವೆ ಅಚ್ಚ ಕನ್ನಡ. 'ಸಾರ್, ನೀವಾದ್ರೂ ಹೇಳಿ ಸಾರ್! ಚಿಕ್ಕ ಹುಡುಗಿ, ಅದಕ್ಕೇನು ಗೊತ್ತಾಗುತ್ತೆ?' ಓಡಿದ್ದು ಅವರ ಮಗ. ಕನ್ನಡ ಕೂಟದಲ್ಲಿ ನಾವಿಬ್ಬರೂ ಒಟ್ಟಿಗೆ ಬಿಸಿಬೇಳೆಬಾತ್ ಬಡಿಸಿದವರು.

ಹೇಳೋಕೆ ನಾನು ನೋಡಿರಲೇ ಇಲ್ಲ. ಮೂರನೇ ಬೇಸಿನಿಂದ ಬರ್ತಿದ್ದವನು ಪ್ಲೇಟ್ ಮುಟ್ಟುತಾನಾ ಅಂತ ನೋಡೋದು ನನ್ನ ಕೆಲಸ, ಕಣ್ಣು ಅಲ್ಲಿತ್ತು. ನೋಡಿದ್ದರೂ, ಇನ್ನೊಬ್ಬ ಅಂಪೈರ್ ತಾನಾಗಿ ಕೇಳದೆ ಅವರ ತೀರ್ಪಿನಲ್ಲಿ ಬಾಯಿ ಹಾಕೋ ಹಾಗಿಲ್ಲ. ಅಪ್ಪನಾಗಿ ಬೇಲಿಯ ಹತ್ತಿರ ಹೋಗಿ ನಾಲ್ಕು ಮಾತು ಅನ್ನೋಣ ಅನ್ನಿಸಿತು, ಸುಳ್ಳು ಹೇಳಲ್ಲ. ಹೋಗಲಿಲ್ಲ. ಆ ತಂಡದ ಮ್ಯಾನೇಜರ್ ನನ್ನ ಹತ್ತಿರ ಬಂದಾಗ, ತೀರ್ಪು ಕೊಟ್ಟವರನ್ನೇ ಕೇಳಿ ಅಂತ ಕೈ ತೋರಿಸಿದೆ. ಅವನು ಹೋಗಿ ಕೇಳಿದ. 'ಔಟ್. ಗ್ಲೌಸಿನ ಸದ್ದು ಮೊದಲು ಬಂತು' ಅಂದ್ಲು. ದನಿ ಸಣ್ಣಗೆ ನಡುಗ್ತಿತ್ತು, ಕೈ ನಡುಗಲಿಲ್ಲ. ಕೂಗು ನಿಲ್ಲದಿದ್ದಾಗ ಮ್ಯಾನೇಜರ್‌ಗೆ ಹೇಳಿದೆ, ಆ ದನಿ ನಿಲ್ಲಬೇಕು, ಇಲ್ಲ ಆಟ ನಿಲ್ಲುತ್ತೆ. ನಿಂತಿತು. ಅಷ್ಟರಲ್ಲಿ ಆ ಹುಡುಗ ಅಪ್ಪನ ಕಡೆ ತಿರುಗಿಯೂ ನೋಡದೆ ಹೆಲ್ಮೆಟ್ ಇಟ್ಟು, ಗ್ಲೌಸ್ ಹಾಕ್ಕೊಂಡು ಫೀಲ್ಡಿಂಗಿಗೆ ಓಡಿ ಆಗಿತ್ತು. ಮುಂದಿನ ಇನ್ನಿಂಗ್ಸ್‌ನಲ್ಲಿ ಅವರು ಒಂದು ರನ್ನಿನಿಂದ ಸೋತರು.

ನಮ್ಮ ರಾಜ್ಯದ್ದೇ ಡೆಪ್ಟ್‌ಫರ್ಡ್‌ನ ಲಿಟಲ್ ಲೀಗ್ 2023ರಲ್ಲಿ ಒಂದು ನಿಯಮ ಮಾಡಿತು. ಅಂಪೈರ್‌ಗೆ ಬೈದವರು ಮೂರು ಆಟಕ್ಕೆ ಅಂಪೈರಿಂಗ್ ಮಾಡಬೇಕು, ಆಮೇಲಷ್ಟೇ ಮತ್ತೆ ನೋಡೋಕೆ ಬರಬಹುದು. ಮೂರು ಜಾಸ್ತಿ ಆಯ್ತು, ನನ್ನ ಪ್ರಕಾರ ಒಂದು ಇನ್ನಿಂಗ್ಸ್ ಸಾಕು.

ಕಾರಲ್ಲಿ ಅರ್ಧ ದಾರಿ ಮಾತಿಲ್ಲ. ಆಮೇಲೆ ಕೇಳಿದ್ಲು, 'ಅಪ್ಪಾ, ಔಟಾಗಿತ್ತಾ?'

'ನಾನು ನೋಡ್ಲಿಲ್ಲ ಕಣೇ.'

'ನಿಜವಾಗ್ಲೂ?'

'ನಿಜವಾಗ್ಲೂ. ನಾನು ಪ್ಲೇಟ್ ನೋಡ್ತಿದ್ದೆ.'

ಔಟೇ ಅಂತ ಒಂದು ಮಾತು ಹೇಳಿದ್ರೆ ಏನು ಗಂಟು ಹೋಗ್ತಿತ್ತು ಅಂತ ಮನೆಯಲ್ಲಿ ಹೆಂಡತಿ ನನ್ನನ್ನು ತರಾಟೆಗೆ ತಗೊಂಡಳು. ಮಗಳು ಏನೂ ಹೇಳಲಿಲ್ಲ.

ಎರಡು ವಾರದ ನಂತರ ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ ಆ ಅಪ್ಪ ಸಿಕ್ಕಿದರು. ಮೊಬೈಲ್ ತೆಗೆದು ವಿಡಿಯೋ ತೋರಿಸಿದರು. ಸರಿಯಾಗಿ ಆ ಕ್ಷಣಕ್ಕೆ ಯಾರದೋ ಟೋಪಿ ಅಡ್ಡ ಬಂದಿದೆ. ಇಬ್ಬರೂ ಮೂರು ಸಲ ನೋಡಿದೆವು, ಟೋಪಿ ಸರಿಯಲಿಲ್ಲ. 'ಮಗಳು ಬೇಜಾರು ಮಾಡ್ಕೊಂಡ್ಲಾ ಸಾರ್?' ಅಂದರು. ಅವಳು ಅಲ್ಲೇ ಇದ್ದಾಳೆ, ನೀವೇ ಕೇಳಿ ಅಂದೆ. ಹೋದರು. ಏನು ಮಾತಾಡಿದರೋ ಗೊತ್ತಿಲ್ಲ, ನಾನು ಆ ಕಡೆ ಹೋಗಲಿಲ್ಲ.

ಅವಳು ಅಂಪೈರಿಂಗ್ ಬಿಟ್ಟಿಲ್ಲ. ನನ್ನ ಜೊತೆ ಹಾಕಬೇಡಿ ಅಂತ ಮಾತ್ರ ಲೀಗ್‌ಗೆ ತಾನೇ ಮೇಲ್ ಮಾಡಿದ್ದಾಳೆ. ಯಾಕೆ ಅಂತ ಕೇಳಿದ್ದಕ್ಕೆ, 'ನೀನಿದ್ರೆ ಎಲ್ಲರೂ ನಿನ್ನ ಮುಖ ನೋಡ್ತಾರೆ' ಅಂದ್ಲು. ಈ ಶನಿವಾರ ನನಗೆ ಒಂದನೇ ಮೈದಾನ, ಅವಳಿಗೆ ಮೂರನೆಯದು. ಒಂಬತ್ತು ಗಂಟೆಗೆ, ಒಂದೇ ಕಾರಲ್ಲಿ ಹೋಗ್ತೀವಿ.