ನಳಿಕೆಗೊಂದು ರುಚಿ

ಪುಣೆ ಬಳಿಯ ರಾಂಜಣಗಾಂವದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಬಿಟ್ಟ ಮೇಲೆ ಮಹಾಗಣಪತಿಯ ದರ್ಶನ, ಇಲ್ಲವೇ ನಗರ ರಸ್ತೆಯ ಮಿಸಳ್. ನಮ್ಮ ಕಡೆಯ ಹುಡುಗರ ಸಂಜೆ ಹೆಚ್ಚಾಗಿ ಇಷ್ಟರಲ್ಲೇ ಮುಗಿಯುತ್ತದೆ. ನಾನು ಮಾತ್ರ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಏರ್ ರೈಫಲ್ಲಿನ ಪೆಲೆಟ್ ಡಬ್ಬಿ ಸುರಿದುಕೊಂಡು ಕೂರುತ್ತೇನೆ. ಮನೆ ಮಾಲಕಿ ಕಾಕು ಒಮ್ಮೆ ಇಣುಕಿದವರು, "ಸಾಸಿವೆ ಆರಿಸ್ತಿದ್ದೀಯೇನೋ?" ಎಂದು ಮರಾಠಿಯಲ್ಲಿ ಕೇಳಿ ನಕ್ಕಿದ್ದರು.

ಆರಿಸುವುದೇ ಹೌದು. ಸೀಸದ ಪೆಲೆಟ್ಟು, ತೂಕ ಸುಮಾರು ಅರ್ಧ ಗ್ರಾಂ. ಕಾಗದವನ್ನು ಹರಿಯದೆ ದುಂಡಗೆ ಕತ್ತರಿಸಲೆಂದು ಮೂತಿ ಚಪ್ಪಟೆ. ಹಿಂಬದಿಯ ತೆಳು ಅಂಚು ಕೊಂಚ ನಗ್ಗಿದ್ದರೂ ಪಕ್ಕಕ್ಕಿಡುತ್ತೇನೆ. ಉಗುರಿನ ತುದಿಯಲ್ಲಿ ಹಿಡಿದು ದೀಪಕ್ಕೆ ತಿರುಗಿಸಿದರೆ ನಗ್ಗು ಕಾಣುತ್ತದೆ. ಬೆರಳಿಗೆ ಬೂದು ಮಸಿ ಹತ್ತುತ್ತದೆ. ಸೀಸವಾದ್ದರಿಂದ ಕೈ ತೊಳೆಯದೆ ಊಟಕ್ಕೆ ಕೂರುವಂತಿಲ್ಲ.

ಸಾವಿರ ಮೀಟರಿನಾಚೆಗೆ ಮ್ಯಾಗ್ನಂ ರೈಫಲ್ ಹೊಡೆಯುವವರು ಮದ್ದು ತೂಗಿ, ಹಿತ್ತಾಳೆ ಕೊಳವೆಗೆ ತುಂಬಿ, ತಮ್ಮ ಕೋವಿಗೆ ಒಪ್ಪುವ ತೋಟೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. ನನ್ನದರಲ್ಲಿ ಮದ್ದೇ ಇಲ್ಲ, ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ. ಗುರಿ ಹತ್ತೇ ಮೀಟರು. ಹುಚ್ಚು ಮಾತ್ರ ಅದೇ. ಹತ್ತು ಅಂಕದ ಚುಕ್ಕೆ 0.5 ಮಿ.ಮೀ., ಅದಕ್ಕೆ ತಾಕಬೇಕಾದ ಪೆಲೆಟ್ 4.5 ಮಿ.ಮೀ. ಅದರಲ್ಲೂ ತಲೆಯ ಅಳತೆ 4.49, 4.50, 4.51 ಎಂದು ಬೇರೆಬೇರೆ ಡಬ್ಬಿ. ಯಾವುದು ಒಳ್ಳೆಯದೆಂದು ಅಂಗಡಿಯವನನ್ನು ಕೇಳಿ ಪ್ರಯೋಜನವಿಲ್ಲ, ನಳಿಕೆಯನ್ನೇ ಕೇಳಬೇಕು.

ಕೇಳುವುದಕ್ಕೆ ಭಾನುವಾರ ಪುಣೆ ದಾಟಿ ಬಾಲೇವಾಡಿಯ ಶೂಟಿಂಗ್ ರೇಂಜಿಗೆ. ರೈಫಲ್ಲನ್ನು ವೈಸಿನಲ್ಲಿ ಬಿಗಿದು, ಒಂದೊಂದು ಲಾಟಿನಿಂದ, ಅಂದರೆ ಒಟ್ಟಿಗೆ ತಯಾರಾದ ಒಂದೊಂದು ಕಂತಿನಿಂದ, ಐದೈದು ಹೊಡೆತ. ಒಂದು ಲಾಟು ಕಾಗದದ ಮೇಲೆ ಅಡ್ಡಾದಿಡ್ಡಿ ಹರಡುತ್ತದೆ. ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದು ಲಾಟು ಐದನ್ನೂ ಒಂದೇ ತೂತಿನಲ್ಲಿ ತೂರಿಸುತ್ತದೆ. ಹಗಲೆಲ್ಲ ಮೈಕ್ರೋಮೀಟರ್ ಹಿಡಿದು ದುಡಿಯುವ ನನಗೂ ಈ ವ್ಯತ್ಯಾಸ ಅಳತೆಗೆ ಸಿಕ್ಕಿಲ್ಲ. ಪಕ್ಕದ ಲೇನಿನವನ ರೈಫಲ್ಲಿಗೆ ನನ್ನ ಮೆಚ್ಚಿನ ಡಬ್ಬಿ ಸೇರುವುದೇ ಇಲ್ಲ!

ಇದೇ ಬಾಲೇವಾಡಿಯಲ್ಲಿ ಪಳಗಿದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ಲಿನ ಕಂಚು ತಂದರು. ಆದರೆ ಪೆಲೆಟ್ ಆರಿಸುವಾಗ ನನಗೆ ನೆನಪಾಗುವುದು ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್ಪಿನ ಅರ್ಹತಾ ಸುತ್ತಿನಲ್ಲಿ ಅವರದು 400ಕ್ಕೆ 400. ನಲವತ್ತು ಪೆಲೆಟ್ಟು, ನಲವತ್ತೂ ಹತ್ತು.

ಅಂಥ ಕೈ ನನ್ನದಲ್ಲ. ಹಾಗಾಗಿ ಆರಿಸಿದ ಪೆಲೆಟ್ಟುಗಳನ್ನು ಮನೆಯಲ್ಲಿ ಒಂದೊಂದಾಗಿ ತೂಗುವುದರಿಂದ ನನ್ನ ಅಂಕವೇನೂ ಏರುವುದಿಲ್ಲ. ಲಾಟು ಪರೀಕ್ಷೆಯಷ್ಟೇ ನಿಜಕ್ಕೂ ಉಪಯೋಗದ್ದು. ತೂಗುವುದು ಬರೀ ಖುಷಿಗೆ. ಮುಳ್ಳಿಲ್ಲದ ಡಿಜಿಟಲ್ ತಕ್ಕಡಿ ಫ್ಯಾನಿನ ಗಾಳಿಗೂ ಅಂಕೆ ಬದಲಿಸುತ್ತದಾದ್ದರಿಂದ ಏಪ್ರಿಲ್ ಸೆಖೆಯಲ್ಲೂ ಫ್ಯಾನ್ ಆರಿಸಿ, ಬೆವರುತ್ತ ಕೂತಿರುತ್ತೇನೆ.

ಒಪ್ಪಿದ ಲಾಟು ಸಿಕ್ಕಿತೆಂದರೆ ಡಬ್ಬಿಯ ಹಿಂದಿನ ಸಂಖ್ಯೆ ಬರೆದುಕೊಂಡು ಅಂಗಡಿಗೆ ಫೋನ್: "ಭಾವೂ, ಇದೇ ನಂಬರಿನದು ಎಷ್ಟಿದೆಯೋ ಅಷ್ಟೂ ಎತ್ತಿಡಿ." ಅಷ್ಟರಲ್ಲಿ ಬೇರೆ ಯಾರೋ ಅದರ ಮೇಲೆ ಕಣ್ಣು ಹಾಕಿರುತ್ತಾರೆ.