ಐದಕ್ಕೇ ಬನ್ನಿ

ಸೊಲ್ಲಾಪುರದ ನಮ್ಮ ಮನೆಗೆ ಯಜಮಾನರ ಆಫೀಸಿನವರನ್ನು ಊಟಕ್ಕೆ ಕರೆದಿದ್ದೆವು. ಡಿಸೆಂಬರ್ ತಿಂಗಳು, ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ‘ಐದಕ್ಕೇ ಬನ್ನಿ’ ಎಂದದ್ದನ್ನು ಹರಟೆಗೆ ಕರೆದದ್ದೆಂದು ತಿಳಿದರೇನೋ, ಬಂದಾಗ ಏಳು ಗಂಟೆ.

ಹೋಳಿಗೆ, ಕಟ್ಟಿನ ಸಾರು, ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ ನಾಲ್ಕಕ್ಕೇ ಸಿದ್ಧವಿದ್ದವು. ‘ನೀವಾದರೂ ಉಂಡುಬಿಡಿರಿ’ ಎಂದು ಎರಡು ಸಲ ಹೇಳಿದೆ. ಅತಿಥಿಗಳಿಗಿಂತ ಮೊದಲು ಉಣ್ಣುವುದು ಹೇಗೆಂದು ಅತ್ತೆಯವರು ಬಾಗಿಲು ನೋಡುತ್ತ ಕುಳಿತರು. ಕಟ್ಟೆಯ ಮೇಲಿನ ಬಿಸಿಲು ಹೋಯಿತು. ರಾತ್ರಿಭೋಜನ ತ್ಯಾಗ ಮಾಡಿದವರು. ಇನ್ನು ನೀರು ಕೂಡ ನಾಳೆ ಬೆಳಿಗ್ಗೆಯೇ.

ಬಂದವರನ್ನು ಹಸಿದು ಕಳಿಸಲಾದೀತೇ? ಬಡಿಸಿದೆ. ‘ಆಜಿ, ನಿಮ್ಮ ಊಟ?’ ಎಂದು ಒಬ್ಬಾಕೆ ಕೇಳಿದಳು.

‘ನಂದು ಇವತ್ತಿಗೆ ಮುಗೀತವ್ವ’ ಎಂದರು ಅತ್ತೆ.

ಸುಳ್ಳೂ ಅಲ್ಲ. ನಾನು ಹೋಳಿಗೆಗೆ ತುಪ್ಪ ಹಾಕುವ ನೆವದಲ್ಲಿ ತಲೆ ಬಗ್ಗಿಸಿದೆ.

ಮುಂದಿನ ಸಲ ಸಂಕೋಚ ಬಿಟ್ಟು ಕಾರಣ ಹೇಳಿಯೇ ಕರೆದೆ. ನಾಲ್ಕೂವರೆಗೇ ಬಂದರು.