ಸಮ್ಮೇಳನ ಮುಗಿದ ಮರುದಿನ

ಜನವರಿ ತಿಂಗಳು, ಬೆಳಿಗ್ಗೆ ಆರೂವರೆ. ಶಿವಮೊಗ್ಗದ ಹೋಟೆಲೊಂದರ ಮುಂದೆ ಬಾಡಿಗೆ ಇನೋವಾ ನಿಂತಿದೆ, ಡ್ರೈವರ್ ಗಾಜಿನ ಮೇಲಿನ ಇಬ್ಬನಿ ಒರೆಸುತ್ತಿದ್ದಾನೆ. ಮುಂದಿನ ಸೀಟು ನಿಮ್ಮದು. ಹಿಂದಿನ ಸೀಟಿನಲ್ಲಿ ಇಬ್ಬರು ಅತಿಥಿಗಳು: ಜರ್ಮನಿಯ ಶಾಸನ ವಿದ್ವಾಂಸೆ, ಜಪಾನಿನಲ್ಲಿ ಬೌದ್ಧ ಅಧ್ಯಯನ ಕಲಿಸುವ ಪ್ರಾಧ್ಯಾಪಕರು. ಎಸಿ ಸಭಾಂಗಣದಲ್ಲಿ ಪ್ರಬಂಧ ಕೇಳಿ ಕೇಳಿ ಬಳಲಿದವರು, ಇವತ್ತೊಂದು ದಿನ ಶಿಕಾರಿಪುರ, ಸೊರಬ ನೋಡಬೇಕೆಂದು ಹಟ ಹಿಡಿದಿದ್ದಾರೆ. "ಹೆಂಗೂ ನಿಮ್ಮ ಕಡೆಯ ಊರು, ನೀವೇ ನೋಡ್ಕಳಿ ಮಾರಾಯ್ರೆ" ಎಂದು ಸಂಘಟಕರು ನಿಮ್ಮ ತಲೆಗೆ ಕಟ್ಟಿ ನಿರಾಳರಾಗಿದ್ದಾರೆ.

ಗಾಡಿ ಬಿಡುವ ಮೊದಲು ಕಾಗದಪತ್ರದ ವಿಚಾರ ಮುಗಿಸಿಬಿಡಿ. ಪಾಸ್‌ಪೋರ್ಟು ಮತ್ತು ವೀಸಾದ ಪ್ರತಿ ಇಬ್ಬರ ಕೈಚೀಲದಲ್ಲೂ ಇರಲಿ. ಸಮ್ಮೇಳನಕ್ಕೆ ಬರುವ ವಿದೇಶೀಯರಿಗೆ ಇ-ಕಾನ್ಫರೆನ್ಸ್ ವೀಸಾ ಎಂಬ ಪ್ರತ್ಯೇಕ ವರ್ಗವೇ ಇದೆ. ಅದಕ್ಕೆ ಕರೆದವರ ಆಮಂತ್ರಣ ಪತ್ರ ಬೇಕು, ಆ ಪತ್ರದ ಪ್ರತಿಯೂ ಜೊತೆಗಿರಲಿ. ರಾತ್ರಿ ಸೊರಬದ ಹತ್ತಿರ ನಿಮ್ಮ ಗೆಳೆಯನ ತೋಟದ ಮನೆಯಲ್ಲಿ ಉಳಿಯುವ ಯೋಜನೆ ಇದೆಯಲ್ಲ, ಅವನಿಗೆ ಈಗಲೇ ಫೋನು ಹಚ್ಚಿ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸುವುದು ಜಾಗ ಕೊಟ್ಟವರ ಹೊಣೆ. ಹೋಟೆಲಿಗೆ ಎಷ್ಟೋ ಮನೆಗೂ ಅಷ್ಟೇ. ಊಟ ಹಾಕಿದ ತಪ್ಪಿಗೆ ಗೆಳೆಯ ಠಾಣೆಗೆ ಅಲೆಯಬಾರದು.

ಸವಳಂಗದ ದಾರಿ ಹಿಡಿಯುತ್ತೀರಿ. ಊರಿನ ಗಲಾಟೆ ಹಿಂದೆ ಬಿದ್ದು, ಕಟಾವು ಮುಗಿದ ಜೋಳದ ಹೊಲಗಳು, ಅಡಿಕೆ ತೋಟಗಳು, ಕೆರೆ ಏರಿಗಳು ಒಂದೊಂದಾಗಿ ಸರಿಯುತ್ತವೆ. ವಿದ್ವಾಂಸೆ ಫೋನಿನಲ್ಲಿ ರೈಲಿನ ನಕ್ಷೆ ಹುಡುಕುತ್ತಾರೆ. ಶಿವಮೊಗ್ಗದವರೆಗೆ ರೈಲಿದೆ, 2023ರಿಂದ ವಿಮಾನವೂ ಇದೆ. ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ರೈಲುಮಾರ್ಗ ಯೋಜನೆಯಲ್ಲಿದೆಯಾದರೂ ಈಗ ಈ ಕಡೆಗೆ ಬಸ್ಸು, ಇಲ್ಲವೇ ಹೀಗೆ ಬಾಡಿಗೆ ಗಾಡಿ. ಶಿಕಾರಿಪುರಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್ ಎಂದರೆ ಜರ್ಮನಿಯವರ ಲೆಕ್ಕದಲ್ಲಿ ಅರ್ಧ ಗಂಟೆ. ಎಮ್ಮೆ, ಟ್ರ್ಯಾಕ್ಟರು, ರೋಡ್ ಹಂಪು ಎಲ್ಲ ಸೇರಿಸಿ ನೀವು ಒಂದೂಕಾಲು ಗಂಟೆ ಹೇಳಿ.

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ವಡೆ. ಪ್ರಾಧ್ಯಾಪಕರು ಸ್ಟೀಲ್ ಲೋಟದ ನೀರಿನತ್ತ ಕೈ ಚಾಚುವಾಗ ಮೆಲ್ಲಗೆ ಸೀಲಿನ ಬಾಟಲಿ ಮುಂದಿಡಿ. ಹಬೆಯಾಡುವ ಇಡ್ಲಿ, ಕುದಿಯುವ ಕಾಫಿಗೆ ಭಯವಿಲ್ಲ. ಹೊಟ್ಟೆ ಕೆಡಿಸುವುದು ಹೆಚ್ಚಾಗಿ ನೀರು, ಐಸು, ಬೆಳಿಗ್ಗೆಯೇ ಹೆಚ್ಚಿಟ್ಟ ಹಣ್ಣು. ಬಿಲ್ಲು ಕೊಡಲು ಅವರು ಕ್ರೆಡಿಟ್ ಕಾರ್ಡು ತೆಗೆಯುತ್ತಾರೆ. ಗಲ್ಲಾದಲ್ಲಿ ಕುಳಿತವರು ಕ್ಯುಆರ್ ಕೋಡಿನ ಹಲಗೆ ತೋರಿಸುತ್ತಾರೆ. ವಿದೇಶಿ ನಂಬರಿನ ಫೋನಿನಲ್ಲಿ ಅದು ಸುಲಭಕ್ಕೆ ಕೆಲಸ ಮಾಡದು. ಎಟಿಎಂನಿಂದ ತೆಗೆದು ಇಲ್ಲೇ ಚಿಲ್ಲರೆ ಮಾಡಿಸಿದ ನೂರು, ಐವತ್ತರ ನೋಟುಗಳು ಮುಂದಿನ ಹಳ್ಳಿಗಳಲ್ಲಿ ಕಾಪಾಡುತ್ತವೆ. ಶೌಚಾಲಯದ ಕೆಲಸವನ್ನೂ ಇಲ್ಲೇ ಮುಗಿಸಲು ಹೇಳಿ. ಸಂಕೋಚ ಪಟ್ಟರೆ ಕಷ್ಟ ಅವರಿಗೆ.

ಶಿರಾಳಕೊಪ್ಪ ಸಮೀಪಿಸಿದಾಗ ಬಳ್ಳಿಗಾವಿಯ ಕಡೆ ತಿರುಗುತ್ತೀರಿ. ಅಲ್ಲಮ ಹುಟ್ಟಿದ ಊರು. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕು. ಕೇದಾರೇಶ್ವರ ಗುಡಿಯ ಆವರಣದಲ್ಲಿ ಹುಲ್ಲು ಇನ್ನೂ ಒದ್ದೆ. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ನಡೆದಾಗ ಕಲ್ಲುಹಾಸಿನ ತಂಪು ಹಿಮ್ಮಡಿಯಿಂದ ಏರುತ್ತದೆ. ಒಂದು ಜೊತೆ ದಪ್ಪ ಕಾಲುಚೀಲ ತನ್ನಿ ಎಂದು ನಿನ್ನೆಯೇ ಹೇಳಿದ್ದು ಈಗ ಉಪಯೋಗಕ್ಕೆ ಬರುತ್ತದೆ, ಹನ್ನೊಂದು ಗಂಟೆಯ ಮೇಲೆ ಇದೇ ಕಲ್ಲು ಸುಡುತ್ತದೆ. ಮೂರು ಗರ್ಭಗುಡಿಗಳ ಗುಡಿಯನ್ನು ಸುತ್ತು ಹಾಕಿ ವಿದ್ವಾಂಸೆ ಶಾಸನದ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಅಕ್ಷರ ಎದ್ದು ಕಾಣಲೆಂದು ಚೀಲದಿಂದ ಸೀಮೆಸುಣ್ಣ ಹೊರಬರುತ್ತದೆ. ತಡೆಯಿರಿ. ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಸುಣ್ಣ, ಹಿಟ್ಟು ಬಳಿಯುವಂತಿಲ್ಲ, ಅಚ್ಚು ತೆಗೆಯಲು ಅನುಮತಿ ಬೇಕು. ಡ್ರೈವರ್ ತನ್ನ ಮೊಬೈಲಿನ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಅಡ್ಡ ಹಿಡಿಯುತ್ತಾನೆ. ಓರೆ ಬೆಳಕಿನಲ್ಲಿ ಸಾಲುಗಳು ನೆರಳು ಕಟ್ಟಿಕೊಂಡು ಮೇಲೇಳುತ್ತವೆ. ಆಕೆ ಓದಲು ಶುರುಮಾಡಿದರೆ ಇನ್ನು ಅರ್ಧ ಗಂಟೆ ನಿಮಗೆ ಕೆಲಸವಿಲ್ಲ.

ಈ ಗುಡಿಗೆ ಸೇರಿದ ಕೋಡಿಯ ಮಠವೇ ಒಂದು ಕಾಲಕ್ಕೆ ವಿದ್ವಾಂಸರು ಸೇರುವ ಜಾಗ. ಕಾಳಾಮುಖ ಯತಿಗಳು ನಡೆಸುತ್ತಿದ್ದ ಆ ಮಠದ ವರ್ಣನೆ 1162ರ ಶಾಸನದಲ್ಲಿದೆ. ಬಿ.ಎಲ್. ರೈಸ್ ಅದನ್ನು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ನಾಲ್ಕು ವೇದ, ಪಾಣಿನಿ ಶಾಕಟಾಯನರ ವ್ಯಾಕರಣ, ನ್ಯಾಯ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನ, ಕಾವ್ಯ, ನಾಟಕ, ಹೀಗೆ ಕಲಿಸುವ ವಿಷಯಗಳ ಪಟ್ಟಿ ಮೊದಲು. ಅದರ ಬೆನ್ನಿಗೇ ಬರುವ ಇನ್ನೊಂದು ಪಟ್ಟಿಯನ್ನು ಇವತ್ತಿನ ಸಂಘಟಕರು ಓದಬೇಕು. ದೀನರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕುಣಿಯುವವರು, ನಾನಾ ದೇಶದ ಭಿಕ್ಷುಕರು, ಜೈನ ಕ್ಷಪಣಕರು, ಎಲ್ಲರಿಗೂ ಅನ್ನ. ರೋಗಿಗಳಿಗೆ ಔಷಧ. ಬಂದ ಜೀವಿಗೆಲ್ಲ ಅಭಯ. ಪಾಠದ ಪಟ್ಟಿಯಷ್ಟೇ ಗಂಭೀರವಾಗಿ ಆತಿಥ್ಯದ ಪಟ್ಟಿಯನ್ನೂ ಕಲ್ಲಿಗೆ ಕೊರೆಸಿದ್ದಾರೆ. ನಮ್ಮ ಕರಪತ್ರಗಳಲ್ಲಿ ಅಧ್ಯಕ್ಷರ ಫೋಟೋ ಇರುತ್ತದೆ, ಹತ್ತಿರದ ಆಸ್ಪತ್ರೆಯ ಫೋನ್ ನಂಬರ್ ಇರುವುದಿಲ್ಲ.

ಪ್ರಾಧ್ಯಾಪಕರಿಗೆ ಒಂದು ಮಾತು ಹೇಳಲು ಮರೆಯಬೇಡಿ. ಇದೇ ಊರಿನಲ್ಲಿ ಹನ್ನೊಂದನೆಯ ಶತಮಾನದಲ್ಲಿ ಬೌದ್ಧ ವಿಹಾರವಿತ್ತು, ತಾರಾದೇವಿಯ ಪೂಜೆ ನಡೆಯುತ್ತಿತ್ತು. ಅವರ ಕಣ್ಣರಳುತ್ತದೆ. ಚೀಲದಿಂದ ಪುಟ್ಟ ಡ್ರೋನ್ ಹೊರಬರುತ್ತದೆ, ಮೇಲಿನಿಂದ ಊರಿನ ಒಂದು ಚಿತ್ರ ಬೇಕಂತೆ. ಅದಕ್ಕೂ ಇಲ್ಲ ಎನ್ನಬೇಕು. ಅನುಮತಿಯಿಲ್ಲದೆ ಹಾರಿಸಿದರೆ ಯಂತ್ರ ಹೋಗುತ್ತದೆ, ಜೊತೆಗೆ ದಿನವೂ ಹೋಗುತ್ತದೆ. ಬೆಟ್ಟ ಹತ್ತುವವರು ಇಟ್ಟುಕೊಳ್ಳುವ ಸ್ಯಾಟಲೈಟ್ ಫೋನಿನದೂ ಇದೇ ಕಥೆ. ಪರವಾನಗಿ ಇಲ್ಲದೆ ಅದನ್ನು ಭಾರತಕ್ಕೆ ತರುವುದೇ ಅಪರಾಧ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ. ಇದನ್ನು ಅವರು ಹೊರಡುವ ಮೊದಲೇ ಇಮೇಲಿನಲ್ಲಿ ಬರೆಯುವುದು ಕರೆದವರ ಕೆಲಸ.

ತಾಳಗುಂದ ಇಲ್ಲಿಂದ ಕೂಗಳತೆ. ಪ್ರಣವೇಶ್ವರ ಗುಡಿಯ ಮುಂದೆ ಕುಬ್ಜ ಕವಿ ಬರೆದ ಕದಂಬರ ಸ್ತಂಭಶಾಸನ ನಿಂತಿದೆ. ಐದನೆಯ ಶತಮಾನದ್ದು, ಸಂಸ್ಕೃತದ ಪದ್ಯಗಳು. ಇಲ್ಲಿನ ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಲೆಂದು ಪಲ್ಲವರ ಕಂಚಿಯ ಘಟಿಕೆಗೆ ಹೋದ. ಅಲ್ಲೊಬ್ಬ ಕುದುರೆ ಸವಾರನೊಂದಿಗೆ ಜಗಳವಾಯಿತು, ಅವಮಾನವಾಯಿತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು, ಒಂದು ರಾಜವಂಶವೇ ಹುಟ್ಟಿತು. ಓದಲು ಬಂದ ಪರದೇಶಿಯನ್ನು ಕೆಟ್ಟದಾಗಿ ನಡೆಸಿಕೊಂಡರೆ ಏನಾದೀತು ಎಂಬುದಕ್ಕೆ ಪಲ್ಲವರೇ ಸಾಕ್ಷಿ. ವಿದ್ವಾಂಸೆ ಜೋರಾಗಿ ನಗುತ್ತಾರೆ. ಅಷ್ಟರಲ್ಲಿ ಯಾರೋ ಒಬ್ಬರು ಹತ್ತಿರ ಬಂದು, ಮನೆಯಲ್ಲಿ ಹಳೆಯ ತಾಳೆಗರಿ ಇದೆ, ಬೇಕಾ ಎಂದು ಪಿಸುಗುಟ್ಟುತ್ತಾರೆ. ನೋಡಬಹುದು, ಫೋಟೋ ತೆಗೆಯಬಹುದು, ಕೊಂಡು ಹೊತ್ತೊಯ್ಯುವಂತಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಖಾಸಗಿಯವರ ಚೀಲದಲ್ಲಿ ದೇಶ ಬಿಡುವಂತಿಲ್ಲ.

ಶಿರಾಳಕೊಪ್ಪದಲ್ಲಿ ಊಟ ಮುಗಿಸಿ ಪಶ್ಚಿಮಕ್ಕೆ ಹೊರಟರೆ ನೆಲದ ಬಣ್ಣ ಬದಲಾಗುತ್ತದೆ. ಬಯಲು ಸರಿದು ಕಾಡು ರಸ್ತೆಗೆ ಹತ್ತಿರವಾಗುತ್ತದೆ. ಸೊರಬದ ಆಚೆ ಒಂದು ಆಲೆಮನೆಯಲ್ಲಿ ಕೊಪ್ಪರಿಗೆಯ ತುಂಬ ಕಬ್ಬಿನ ಹಾಲು ಕುದಿಯುತ್ತಿದೆ, ಕೆನೆಗಟ್ಟಿದ ನೊರೆಯನ್ನು ಜರಡಿಯಲ್ಲಿ ತೆಗೆಯುತ್ತಿದ್ದಾರೆ. ಗಾಣದಿಂದ ಆಗಷ್ಟೇ ಇಳಿದ ಹಾಲು ಕುಡಿಯಿರೆಂದು ಒತ್ತಾಯ ಬರುತ್ತದೆ. ಅತಿಥಿಗಳಿಗೆ ಹಸಿ ಹಾಲಿನ ಬದಲು ಎಲೆಯ ಮೇಲೆ ಬಿಸಿ ಜೋನಿಬೆಲ್ಲ ಕೊಡಿಸಿ. ಕುದಿದದ್ದು, ರುಚಿಯೂ ಹೆಚ್ಚು. ಮಳೆಗಾಲದಲ್ಲಿ ಬಂದಿದ್ದರೆ ಗುಡವಿಯ ಕೆರೆಯಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿ, ಕೆಂಬರಲುಗಳ ಗದ್ದಲ ತೋರಿಸಬಹುದಿತ್ತು, ಜೊತೆಗೆ ಕಾಲಿಗೆ ಹತ್ತುವ ಇಂಬಳವನ್ನೂ.

ಈ ಒಣ ಕಾಲದ ಅಪಾಯ ಬೇರೆ. ಗೆಳೆಯನ ತೋಟದ ಬೇಲಿ ದಾಟಿದರೆ ಕಾಡು. ಪ್ರಾಧ್ಯಾಪಕರು ತರಗೆಲೆಯ ಮೇಲೆ ಕಾಲು ಚಾಚಿ ಕೂರಲು ಹೊರಟಿದ್ದಾರೆ. ಗೆಳೆಯನ ತಾಯಿ ಒಳಗಿನಿಂದಲೇ ಕೂಗುತ್ತಾರೆ: "ಅಲ್ಲಿ ಕೂರ್ಸಬ್ಯಾಡಿ, ಉಣುಗು ಹತ್ತುತ್ತೆ!" ಮೈಗೆ ಹಚ್ಚುವ ಎಣ್ಣೆಯ ಬಾಟಲಿ ಜಗಲಿಗೆ ಬರುತ್ತದೆ. ಕೈ, ಕಾಲು, ಕುತ್ತಿಗೆಗೆ ಸವರಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಆಮೇಲೆ ಕಾಡಿನ ಅಂಚು. ತಿರುಗಿ ಬಂದ ಮೇಲೆ ಬಟ್ಟೆ ನೇರ ಬಿಸಿನೀರಿಗೆ, ಮೈಗೆ ಸೋಪು ಹಚ್ಚಿ ಬಿಸಿ ಸ್ನಾನ, ಮೊಣಕಾಲ ಹಿಂಬದಿ, ಕಂಕುಳು ತಡವಿ ನೋಡುವುದು. ಮರಿ ಉಣುಗು ಎಳ್ಳಿನ ಕಾಳಿಗಿಂತ ಚಿಕ್ಕದು.

ಉಣುಗಿನ ಈ ಭಯಕ್ಕೆ ಕಾರಣವಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಮಲಗಿದರು. ಹಳದಿ ಜ್ವರ ಭಾರತಕ್ಕೆ ಬಂತೇ ಎಂಬ ಭಯದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಅವರಂಥ ಹೊರದೇಶದ ವಿಜ್ಞಾನಿಗಳು ಈ ಕಾಡಿಗೆ ಬಂದರು. ಸಿಕ್ಕಿದ್ದು ಹೊಸದೇ ವೈರಸ್, ರಷ್ಯಾದ ಉಣುಗಿನ ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ವಲಸೆ ಹಕ್ಕಿಗಳು ತಂದಿರಬಹುದೇ ಎಂಬ ಅನುಮಾನವೇ ಸಲೀಂ ಅಲಿಯವರ ನೇತೃತ್ವದ ಹಕ್ಕಿಗಳಿಗೆ ಉಂಗುರ ತೊಡಿಸುವ ಯೋಜನೆಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ತಂದಿತು. ನಾವು ಮಂಗನ ಕಾಯಿಲೆ ಎನ್ನುವುದನ್ನು ಜಗತ್ತು ಈ ಊರಿನ ಹೆಸರಿನಿಂದಲೇ ಕರೆಯುತ್ತದೆ. ಹೆಚ್ಚಾಗಿ ಕಾಡುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ನಮ್ಮ ಸಮ್ಮೇಳನಗಳ ಕಾಲದಲ್ಲೇ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಏರುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಅತಿಥಿಗಳು ಬರ್ಲಿನ್ನಿನಲ್ಲೋ ಕ್ಯೋಟೋದಲ್ಲೋ ಇರುತ್ತಾರೆ, ಮೈಕೈ ನೋವು, ತಲೆನೋವೆಂದು ಹೋದರೆ ಅಲ್ಲಿನ ವೈದ್ಯರು ಫ್ಲೂ ಎಂದುಕೊಳ್ಳುತ್ತಾರೆ. ಹಾಗಾಗಿ ಬೀಳ್ಕೊಡುವ ಮೊದಲು ಇಬ್ಬರ ನೋಟ್‌ಬುಕ್ಕಿನಲ್ಲೂ ನೀವೇ ಬರೆದುಕೊಡಿ: ಸೊರಬದ ಕಾಡಂಚಿಗೆ ಹೋದ ತಾರೀಖು, ಅದರ ಪಕ್ಕದಲ್ಲಿ ಕ್ಯಾಸನೂರು ಎಂಬ ಹೆಸರು. ಜ್ವರ ಬಂದರೆ ಆ ಪುಟ ವೈದ್ಯರಿಗೆ ತೋರಿಸಲಿ, ಉಳಿದದ್ದು ಅವರ ಪುಸ್ತಕದಲ್ಲೇ ಇದೆ. ಸಮಾರೋಪದಲ್ಲಿ ಹೊದಿಸಿದ ಶಾಲಿಗಿಂತ, ಕೈಗಿತ್ತ ಸ್ಮರಣಿಕೆಗಿಂತ ಆ ಒಂದು ಸಾಲು ಅವರಿಗೆ ಹೆಚ್ಚು ಪ್ರಯೋಜನಕ್ಕೆ ಬಂದೀತು.